ಚೀಲದೊಳಗೆ ಎರಡು ಸ್ಥಾಯಿ

ರೈಲು ಹೊರಟು ಅರ್ಧ ಗಂಟೆಯೊಳಗೆ ಬೋಗಿಯ ದೀಪಗಳೆಲ್ಲ ಆರಿದವು. ಮೇಲಿನ ಬರ್ತಿನಲ್ಲಿ ದಿಂಬಿಗೊರಗಿ, ಮಡಿಸಿದ ಕಾಲ ಮೇಲೆ ಸಂಗೀತ ನುಡಿಸುವ, 25 ಮನೆಯ (ಕೀಗಳ), ಎಂದರೆ ಎರಡು ಸ್ಥಾಯಿಯ ಪುಟ್ಟ ಕೀಬೋರ್ಡ್ ಇಟ್ಟುಕೊಂಡೆ. ಯುಎಸ್‌ಬಿ ಕೇಬಲ್ ಫೋನಿಗೆ, ಇಯರ್‌ಫೋನ್ ಕಿವಿಗೆ. ಹಳೆಯ ಫೋನೊಂದರಲ್ಲಿ ವಾಯ್ಸ್ ರೆಕಾರ್ಡರ್ ಚಾಲೂ ಮಾಡಿ ತಲೆದೆಸೆಯಲ್ಲಿಟ್ಟೆ. ಕೆಳಗೆ ಮಲಗಿದವರಿಗೆ ಕೇಳಿಸಿದ್ದರೆ ಬೆರಳು ಬೀಳುವ ಟಕ್ ಟಕ್ ಮಾತ್ರ. ಅದೂ ಗಾಲಿಯ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು.

ಇಷ್ಟು ಹಗುರವಾಗಿ ಹೊರಟದ್ದು ಹಿಂದಿನ ಪ್ರವಾಸದ ನೋವಿನಿಂದ. ಆಗ ಲ್ಯಾಪ್‌ಟಾಪು, ಆಡಿಯೋ ಇಂಟರ್‌ಫೇಸು, ಮೈಕು, ಕೇಬಲ್ಲುಗಳ ಗಂಟು ಎಲ್ಲ ಹೊತ್ತಿದ್ದೆ. ಒಂದು ಬೆಳಗ್ಗೆ ಕೈಗೆ ತಾನಾಗಿ ಬಂದ ಎಳೆಯೊಂದನ್ನು ಇಪ್ಪತ್ತು ನಿಮಿಷ ಬೆಳೆಸಿದೆ. ಎಲ್ಲವನ್ನೂ ಜೋಡಿಸಿ ರೆಕಾರ್ಡ್ ಒತ್ತುವಷ್ಟರಲ್ಲಿ ಅದು ಹೋಗಿತ್ತು, ಮತ್ತೆ ಸಿಗಲಿಲ್ಲ. ಈ ಸಲ ನನಗೆ ನಾನೇ ಹಾಕಿಕೊಂಡ ಕಟ್ಟಳೆ: ಚೀಲದ ಜಿಪ್ ತೆಗೆದ ಒಂದು ನಿಮಿಷದೊಳಗೆ ಮೊದಲ ಸ್ವರ ದಾಖಲಾಗಬೇಕು, ರೆಕಾರ್ಡ್ ಒತ್ತದೆ ಬೆರಳು ಮನೆ ಮುಟ್ಟಬಾರದು.

ಈ ಕೀಬೋರ್ಡಿಗೆ ಸ್ವಂತ ದನಿಯಿಲ್ಲ, ದನಿ ಹೊರಡಿಸುವುದು ಫೋನು. ಅದು ಫೋನಿಗೆ ಕಳಿಸುವುದು ಮಿಡಿ ಸಂದೇಶ. ಬೇರೆಬೇರೆ ಕಂಪನಿಗಳ ಸಿಂಥಸೈಜರುಗಳು (ಎಲೆಕ್ಟ್ರಾನಿಕ್ ವಾದ್ಯಗಳು) ಒಂದರೊಡನೊಂದು ಮಾತಾಡಲೆಂದು 1983ರಲ್ಲಿ ಬಂದ ಏರ್ಪಾಡು ಅದು. ಇವತ್ತಿಗೂ ಬಹುಮಟ್ಟಿಗೆ ಹಾಗೇ ನಡೆದಿದೆ. ಒಂದು ಮನೆ ಒತ್ತಿದರೆ 3 ಬೈಟು: ಒತ್ತಿತೆಂಬ ಸುದ್ದಿ, ಯಾವ ಮನೆ, ಎಷ್ಟು ಬಿರುಸು. ಬಿರುಸಿಗೆ 127ರ ತನಕ ಅಂಕಿ. ಸಿಡಿ ಗುಣಮಟ್ಟದ ಸ್ಟೀರಿಯೋ ಧ್ವನಿಗೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಇಡೀ ಗಂಟೆ ನುಡಿಸಿದ ಮಿಡಿ ಫೈಲಿಗೆ ಒಂದು ಫೋಟೋದಷ್ಟು ಜಾಗವೂ ಬೇಡ. ಪಿಯಾನೋ ದನಿಯಲ್ಲಿ ನುಡಿಸಿದ್ದನ್ನು ಊರಿಗೆ ಮರಳಿ ಆರ್ಗನ್ನಿನಲ್ಲಿ ಕೇಳಬಹುದು, ತಪ್ಪಿದ ಸ್ವರವನ್ನು ತಿದ್ದಬಹುದು. (ತಿದ್ದುವುದು ನನಗೆ ಅಷ್ಟು ಇಷ್ಟವಿಲ್ಲ. ಎಷ್ಟೋ ಸಲ ಆ ತಪ್ಪಿದ ಸ್ವರವೇ ಮುಂದಿನ ದಾರಿ ತೋರಿಸಿರುತ್ತದೆ.)

ಆ ರಾತ್ರಿ ಮೊದಲು ಹಾಕಿಕೊಂಡದ್ದು ಬ್ಲೂಟೂತ್ ಇಯರ್‌ಫೋನ್. ಬೆರಳು ಮುಂದಿನ ಮನೆಗೆ ಹೋದ ಮೇಲೆ ಹಿಂದಿನ ಸ್ವರ ಕಿವಿಗೆ ಬರುತ್ತಿತ್ತು. ಸಿನಿಮಾ ನೋಡುವಾಗ ಆ್ಯಪು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸಬಹುದು. ಬೆರಳನ್ನು ಹಾಗೆ ತಡೆದು ನಿಲ್ಲಿಸಲಾಗದು. ಕೈ ಕಿವಿಗಾಗಿ ಕಾಯತೊಡಗಿತು, ಲಯ ಜಾರಿತು. ಹತ್ತೇ ನಿಮಿಷಕ್ಕೆ ವೈರಿನ ಇಯರ್‌ಫೋನಿಗೆ ಬದಲಾಯಿಸಿದೆ.

ಎರಡನೇ ದಿನ ಬೆಟ್ಟದ ಮೇಲಿನ ತಂಗುಮನೆ. ಅಲ್ಲಿ ಕೀಬೋರ್ಡಿನ ದೀಪ ಆರುವುದು, ಹತ್ತುವುದು ಶುರುವಾಯಿತು. ಫೋನಿನಿಂದ ಅದಕ್ಕೆ ಬೇಕಾದಷ್ಟು ಕರೆಂಟು ಹೋಗುತ್ತಿರಲಿಲ್ಲ. ನಡುವೆ ಹಬ್ ಇಟ್ಟು ಅದಕ್ಕೆ ಪವರ್ ಬ್ಯಾಂಕ್ ಸಿಕ್ಕಿಸಿದ ಮೇಲೆ ಆ ಕಾಟ ತಪ್ಪಿತು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದನ್ನೂ ಅಲ್ಲೇ ರೂಢಿ ಮಾಡಿಕೊಂಡೆ. ನಡುವೆ ಬರುವ ಒಂದು ಕರೆ ಸಾಕು, ಬಂದದ್ದೆಲ್ಲ ಕೈಬಿಟ್ಟು ಹೋಗುತ್ತದೆ.

ಸಂಜೆ ತಗಡಿನ ಮಾಡಿನ ಮೇಲೆ ಮಳೆ ಹಿಡಿಯಿತು. ಮೊದಲು ಬಿಡಿ ಬಿಡಿ ಹನಿ, ಆಮೇಲೆ ಒಂದೇ ಸಮನೆ. ಎಡಗೈಯಲ್ಲಿ ಎರಡೇ ಸ್ವರ ಹಿಡಿದು ಬಲಗೈಯನ್ನು ಮಳೆಗೆ ಬಿಟ್ಟುಕೊಟ್ಟೆ. ಎರಡು ಸ್ಥಾಯಿ ಸಾಲದೆಂಬ ಕೊರಗು ಮೊದಲ ಹತ್ತು ನಿಮಿಷ ಇತ್ತು. ಮೇಲಕ್ಕೆ ಹೋಗಲು ಜಾಗ ಮುಗಿದಾಗ ಕೈ ತಿರುಗಲೇಬೇಕು, ಆ ತಿರುವಿನಲ್ಲಿ ನಾನು ಎಣಿಸಿರದ ಸ್ವರಗಳು ಸಿಕ್ಕವು. ಆದರೆ ಮಿಡಿಗೆ ಮಳೆ ಕೇಳಿಸುವುದಿಲ್ಲ. ಹಳೆಯ ಫೋನನ್ನು ಚೀಲಕ್ಕೆ ಹಾಕಿಕೊಂಡದ್ದೇ ಇದಕ್ಕೆ. ಪ್ರತಿ ಸಲ ಶುರುವಿನಲ್ಲಿ ಒಂದು ಮನೆಯನ್ನು ಮೂರು ಬಾರಿ ಬಲವಾಗಿ ಬಡಿಯುತ್ತೇನೆ. ಆ ಟಕ್ಕು ಹಳೆಯ ಫೋನಿನ ಧ್ವನಿಯಲ್ಲೂ ಬೀಳುತ್ತದೆ, ಮಿಡಿಯಲ್ಲಿ ಮೂರು ದೊಡ್ಡ ಅಂಕಿಯಾಗಿಯೂ ಉಳಿಯುತ್ತದೆ. ಆಮೇಲೆ ಎರಡನ್ನೂ ಅಲ್ಲಿಗೆ ತಂದು ಕೂಡಿಸಿದರೆ ಸ್ವರ ಮತ್ತೆ ಮಳೆಯೊಳಗೆ ಕೂರುತ್ತದೆ. ನುಡಿಸಿ ಮುಗಿದೊಡನೆ ಅದೇ ರೆಕಾರ್ಡರಿಗೆ ಒಂದು ಸಾಲು ಹೇಳಿಬಿಡುತ್ತೇನೆ: ಎಲ್ಲಿ, ಏನು ಕಾಣುತ್ತಿತ್ತು, ಯಾವ ಮನೆಯಿಂದ ಶುರು.

ಮರಳುವ ದಾರಿಯ ದೋಣಿಯಲ್ಲಿ ಗಾಳಿ ಜೋರಾಗಿ ಕೀಬೋರ್ಡ್ ಹೊರಗೆ ತೆಗೆಯಲೇ ಇಲ್ಲ.

ಊರಿಗೆ ಬಂದು ಮೊದಲು ಕೂಡಿಸಿದ್ದು ರೈಲಿನ ರಾತ್ರಿಯನ್ನು. ನಡುವೆ ಒಂದೆಡೆ ಎಡಗೈ ಮೆಲ್ಲಮೆಲ್ಲನೆ ವೇಗ ಹೆಚ್ಚಿಸಿಕೊಂಡಿದೆ. ಗಾಲಿಯೂ ಅಲ್ಲೇ ವೇಗ ಹಿಡಿದಿದೆ. ನುಡಿಸುವಾಗ ನನಗದು ತಿಳಿದಿರಲಿಲ್ಲ. ಮುಂದೆ ಸೇತುವೆ ಬರುತ್ತದೆ. ಅಲ್ಲಿ ಹನ್ನೊಂದು ಸೆಕೆಂಡು ಮಿಡಿಯಲ್ಲಿ ಒಂದು ಸ್ವರವೂ ಇಲ್ಲ, ಹಳೆಯ ಫೋನಿನಲ್ಲಿ ಕಬ್ಬಿಣದ ಗುಡುಗಷ್ಟೇ ಇದೆ.