ಮರುವಾಯಿ ಹೆಕ್ಕುವುದು, ಮರಳು ಬಿಡಿಸುವುದು

ಮೂಲ್ಕಿಯ ಶಾಂಭವಿ, ಉದ್ಯಾವರ ಹೊಳೆಯಂಥ ಅಳಿವೆಗಳಲ್ಲಿ ಮರುವಾಯಿ (ತಿನ್ನುವ ಕಪ್ಪೆಚಿಪ್ಪು) ಹೆಕ್ಕಲು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳೇ ಒಳ್ಳೆಯವು. ಆಗ ಇಳಿತ ಹೆಚ್ಚು. ದಿನದ ಎರಡು ಇಳಿತಗಳಲ್ಲಿ ಹೆಚ್ಚು ಇಳಿಯುವುದನ್ನು ಆರಿಸಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಳಿತ ಮುಗಿಯುವ ಒಂದು ಗಂಟೆ ಮೊದಲೇ ಇಳಿದು, ಭರತ ತಿರುಗಿದ ಕೂಡಲೇ ದಡ ಸೇರಿ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಒಬ್ಬರೇ ಹೋಗಲೇಬೇಡಿ.

ಪಾದದಡಿ ಗಟ್ಟಿಯಾಗಿ ತಾಗಿದಲ್ಲಿ ನಾಲ್ಕು ಬೆರಳು ಆಳಕ್ಕೆ ಮರಳು ಕೆದಕಿದರೆ ಸಾಕು. ಹೆಬ್ಬೆರಳ ಉಗುರಿನಷ್ಟು ಸಣ್ಣವನ್ನು ಅಲ್ಲೇ ಬಿಡಿ. ಮುಂದಿನ ವರ್ಷದ ಮರುವಾಯಿ ಅವೇ.

ಹೆಚ್ಚಿನವರು ತಪ್ಪುವುದು ಮರಳು ಬಿಡಿಸುವಲ್ಲಿ. ನಳ್ಳಿನೀರಿಗೆ ಹಾಕಿದರೆ ಅವು ಬಾಯಿ ಮುಚ್ಚಿಕೊಳ್ಳುತ್ತವೆ, ಮರಳು ಒಳಗೇ ಉಳಿಯುತ್ತದೆ. ಹೆಕ್ಕಿದ ಜಾಗದ ನೀರನ್ನೇ ಕ್ಯಾನಿನಲ್ಲಿ ತನ್ನಿ. ಅಗಲ ಪಾತ್ರೆಯಲ್ಲಿ ತೂತಿನ ಬುಟ್ಟಿಯನ್ನು ತಳಕ್ಕೆ ತಾಗದಂತೆ ಎತ್ತಿಟ್ಟು, ಮರುವಾಯಿ ಮುಳುಗುವಷ್ಟೇ ನೀರು ಹಾಕಿ. ಉಗುಳಿದ ಮರಳು ಕೆಳಗೆ ಬೀಳುತ್ತದೆ, ಮತ್ತೆ ಒಳಗೆ ಸೇರುವುದಿಲ್ಲ. ತಂಪು ನೆರಳಲ್ಲಿ ನಾಲ್ಕೈದು ಗಂಟೆ ಇಡಿ, ನಡುವೆ ಒಮ್ಮೆ ನೀರು ಬದಲಿಸಿ.

ಬಾಯಿ ತೆರೆದದ್ದನ್ನು ತಟ್ಟಿ ನೋಡಿ. ಮುಚ್ಚದಿದ್ದರೆ ಸತ್ತಿದೆ, ಎಸೆಯಿರಿ. ಬೇಯಿಸಿದರೂ ತೆರೆಯದ್ದನ್ನೂ ತಿನ್ನಬೇಡಿ. ಮೆಟ್ಟುಕತ್ತಿಯಲ್ಲಿ (ಈಳಿಗೆಮಣೆ) ಹಸಿಯಾಗಿ ಬಿಡಿಸುವವರು ಚಿಪ್ಪಿನೊಳಗಿನ ನೀರನ್ನು ಸೋಸಿ ಇಟ್ಟುಕೊಳ್ಳಿ, ಸುಕ್ಕದ (ತೆಂಗಿನತುರಿ ಹಾಕಿದ ಒಣ ಪಲ್ಯ) ರುಚಿ ಅದರಲ್ಲೇ ಇದೆ. ಉಪ್ಪು ಮಾತ್ರ ಕೊನೆಗೆ ಹಾಕಿ.

ಚರಂಡಿ ಸೇರುವ ಕಡೆಯದ್ದು ಬೇಡವೇ ಬೇಡ. ನೀರು ಕೆಂಪಾಗಿಯೋ ಹಸಿರಾಗಿಯೋ ಬಣ್ಣ ತಿರುಗಿದ್ದರೂ ಹೆಕ್ಕಬೇಡಿ: ಕೆಲವು ಪಾಚಿಗಳ ವಿಷ ಕುದಿಸಿದರೂ ಹೋಗುವುದಿಲ್ಲ.