ಎಲ್ರೂ ಇಲ್ಲ ಸಾರ್, ಇಲ್ಲ ಸಾರ್

ನಾನು ಲ್ಯಾಬ್ ಟೆಕ್ನೀಷಿಯನ್, ಟಿಬಿ ಸ್ಕ್ರೀನಿಂಗ್‌ಗೆ ಅಂತ ಜೈಲೊಳಗೆ ಹೋಗಿದ್ದು ಅದೇ ಮೊದಲು. ಗೇಟಲ್ಲೇ ಮೊಬೈಲ್ ಇಸ್ಕೊಂಡ್ರು, ಖಾಲಿ ಕಫದ ಡಬ್ಬಿಗಳನ್ನೂ ಬಿಡ್ದೆ ಒಂದೊಂದಾಗಿ ತೆಗೆದು ನೋಡಿದ್ರು.

ಸಾಲಲ್ಲಿ ನಿಂತೋರಿಗೆಲ್ಲ ನಾಲ್ಕೇ ಪ್ರಶ್ನೆ, ಕೆಮ್ಮು ಇದ್ಯಾ, ಜ್ವರ ಬರುತ್ತಾ, ತೂಕ ಇಳಿದಿದ್ಯಾ, ರಾತ್ರಿ ಬೆವರ್ತೀರಾ. ಪಕ್ಕದಲ್ಲೇ ವಾರ್ಡರ್ ನಿಂತಿದ್ರು, ಇನ್ನೇನು, ಎಲ್ರೂ ಒಂದೇ ಪಾಠ ಒಪ್ಪಿಸಿದ್ರು. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗೋ ಹಂಗೆ ಮಲಗ್ತಾರೆ, ಒಬ್ಬನಿಗೂ ಕೆಮ್ಮಿಲ್ವಂತೆ! ನಮ್ಮ ಡಾಕ್ಟ್ರು ವಾರ್ಡರ್‌ನ ದೂರ ಕಳಿಸಿದ್ಮೇಲೆ ಒಂದಿಬ್ಬರು ಬಾಯಿ ಬಿಟ್ರು. ಲಕ್ಷಣ ಏನೂ ಇಲ್ದೇನೂ ಟಿಬಿ ಇರ್ಬಹುದು, ಅದಕ್ಕೇ ಎಲ್ರಿಗೂ ಎಕ್ಸ್‌ರೇ ತೆಗೆದ್ವಿ.

ನಾಲ್ಕಕ್ಕೂ ಇಲ್ಲ ಅಂದಿದ್ದ ಒಬ್ಬ ಹುಡುಗನ ಎಕ್ಸ್‌ರೇಲಿ ಬಲ ಶ್ವಾಸಕೋಶದ ಮೇಲ್ಗಡೆ ಮೋಡ ಕವಿದಂಗೆ ಬಿಳಿ. ಬಯಲಿಗೆ ಕರ್ಕೊಂಡು ಹೋಗಿ ಕಫ ಕೊಡಪ್ಪಾ ಅಂದ್ರೆ ಎಂಜಲು ಉಗಿದ. ಎರಡು ಸಲ ಜೋರಾಗಿ ಉಸಿರು ಎಳ್ಕೊಂಡು ಎದೆಯಿಂದ ಕೆಮ್ಮು ಅಂದೆ, ಆಗ ಬಂತು, ಹಳದಿ, ಗಟ್ಟಿ. ಹೆಸ್ರು ನಂಬರ್‌ನ ಮುಚ್ಚಳದ ಮೇಲೆ ಬರೀಬಾರ್ದು, ಡಬ್ಬಿ ಮೈಮೇಲೆ ಬರೀಬೇಕು, ಮುಚ್ಚಳ ಅದಲು ಬದಲಾದ್ರೆ ಒಬ್ಬನ ಕಾಯಿಲೆ ಇನ್ನೊಬ್ಬನ ತಲೆಗೆ. (ಒಬ್ಬ ಭೂಪ ಅದನ್ನೇ ಕೇಳ್ದ, ಅವನ ಕಫ ನನ್ನ ಹೆಸ್ರಲ್ಲಿ ಕಳಿಸಿ ಸಾರ್, ಆಸ್ಪತ್ರೆನಾದ್ರೂ ನೋಡ್ತೀನಿ ಅಂತ.)

ಕಫದಲ್ಲಿ ಟಿಬಿ ರೋಗಾಣು ಹುಡುಕೋ ಜೀನ್‌ಎಕ್ಸ್‌ಪರ್ಟ್ ಮಿಷನ್‌ಗೆ ಹಾಕಿ 2 ಗಂಟೆಯೊಳಗೆ ರಿಸಲ್ಟ್ ಬಂತು, ಪಾಸಿಟಿವ್. ರಿಫಾಂಪಿಸಿನ್ ರೆಸಿಸ್ಟನ್ಸ್ ಇಲ್ಲ, ಅಂದ್ರೆ ಟಿಬಿಗೆ ಕೊಡೋ ಆ ಮುಖ್ಯ ಔಷಧಿಗೆ ಬಗ್ಗುತ್ತೆ, ಅಷ್ಟರ ಮಟ್ಟಿಗೆ ಪುಣ್ಯ. ಯಾಕಪ್ಪಾ ಸುಳ್ಳು ಹೇಳ್ದೆ ಅಂದೆ.

"ಕೆಮ್ಮು ಅಂದ್ರೆ ಒಬ್ಬನ್ನೇ ಬೇರೆ ಹಾಕ್ತಾರೆ ಸಾರ್, ಮುಂದಿನ ವಾರ ಬೇಲ್ ಬೇರೆ ಇದೆ."

ರಾತ್ರಿಯೆಲ್ಲಾ ಕಂಬಳಿ ಬಾಯಿಗೆ ಒತ್ಕೊಂಡು ಕೆಮ್ತಿದ್ದನಂತೆ, ಪಕ್ಕದಲ್ಲಿ ಮಲಗೋನು ಆಮೇಲೆ ಹೇಳ್ದ.

ಬೇಲ್ ಮುಂದಿನ ವಾರ, ಮಾತ್ರೆ 6 ತಿಂಗಳು, ನಮಗೆ ತಲೆನೋವು ಶುರುವಾಗಿದ್ದೇ ಅಲ್ಲಿಂದ, ಹೊರಗೆ ಹೋದೋನು ಎರಡು ತಿಂಗಳಿಗೆ ಕೆಮ್ಮು ನಿಂತೋಯ್ತು ಅಂತ ಮಾತ್ರೆ ಬಿಟ್ರೆ ಕಾಯಿಲೆ ಮತ್ತೆ ಬರ್ಬಹುದು, ಔಷಧಿಗೆ ಬಗ್ಗದಂಗೂ ಆಗ್ಬಹುದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಹೆದರ್ಕೊಂಡು ನಿಲ್ಲಿಸ್ಬೇಡ ಅಂತಾನೂ ಹೇಳ್ದೆ. ತಲೆ ಆಡಿಸ್ತಾನೇ ಇದ್ದ, ಕೇಳಿಸ್ಕೊಂಡ್ನೋ ಇಲ್ವೋ. ಅಡ್ರೆಸ್ ಕೇಳಿದ್ರೆ ಎರಡು ಸಲ ಎರಡು ಥರ ಹೇಳ್ದ. ಕೊನೆಗೆ ಅವರಮ್ಮನ ಫೋನ್ ನಂಬರ್ ಕೊಟ್ಟ, ಕಾರ್ಡ್ ಮೇಲೆ ಬರ್ಕೊಂಡೆ. ಎದ್ದು ಹೋಗ್ತಿದ್ದೋನು ಬಗ್ಗಿ ನೋಡಿ, "ಕೊನೇದು ಏಳಲ್ಲ ಸಾರ್, ಒಂದು" ಅಂತ ತಿದ್ದಿಸಿ ಹೋದ.