ಮೈಕ್ರೋ ಆರ್‌ಎನ್‌ಎ ಹೆಚ್ಚಿಸಿದರೆ ಕೋಳಿ ದಪ್ಪ ಆಗುತ್ತಾ?

ಕೋಳಿಯ ಸ್ನಾಯು ಮತ್ತು ಕೋಶದೊಳಗಿನ ಮೈಕ್ರೋ ಆರ್‌ಎನ್‌ಎ ಎಂಬ ಪುಟ್ಟ ಅಣುವಿನ ಬಗ್ಗೆ ಮಾತು ತೆಗೆದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ಹಾಗಾದರೆ ಅದನ್ನ ಜಾಸ್ತಿ ಮಾಡಿದರೆ ಕೋಳಿಯಲ್ಲಿ ಮಾಂಸವೂ ಜಾಸ್ತಿ ಆಗುತ್ತೆ, ಅಲ್ವಾ?" ಕೆಲವರಂತೂ ಈಗಿನ ಬ್ರಾಯ್ಲರ್ ಕೋಳಿ ದಪ್ಪಗಿರುವುದೇ ಇದರಿಂದ ಎಂದು ತೀರ್ಮಾನ ಕೊಟ್ಟುಬಿಡುತ್ತಾರೆ.

ಆ ತೀರ್ಮಾನಕ್ಕೆ ಉತ್ತರ ಸುಲಭ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಕೋಳಿ ತಳಿಯನ್ನೂ 2005ರ ತಳಿಯನ್ನೂ ಒಂದೇ ಮೇವು ಹಾಕಿ ಸಾಕಿ ನೋಡಿದರು. 56ನೇ ದಿನ ಹಳೆಯದು ಸುಮಾರು 900 ಗ್ರಾಂ ತೂಗಿತು, ಹೊಸದು 4.2 ಕಿಲೋ. ಪೀಳಿಗೆಯಿಂದ ಪೀಳಿಗೆಗೆ ಚೆನ್ನಾಗಿ ಬೆಳೆದ ಹಕ್ಕಿಗಳನ್ನೇ ಆರಿಸಿ ಮರಿ ಮಾಡಿಸಿದ್ದರ ಫಲ ಅದು. ಈ ಆಯ್ಕೆ ಶುರುವಾದಾಗ ಮೈಕ್ರೋ ಆರ್‌ಎನ್‌ಎ ಅಂತ ಒಂದಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಮೊದಲನೆಯದು ಪತ್ತೆಯಾಗಿದ್ದು 1993ರಲ್ಲಿ, ಅದೂ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಅದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು.

ಮೊದಲ ಪ್ರಶ್ನೆಯನ್ನು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಮೈಕ್ರೋ ಆರ್‌ಎನ್‌ಎ ಎಂದರೆ ಸುಮಾರು 22 ಅಕ್ಷರಗಳ (ಅಂದರೆ ಸಾಲಾಗಿ ಜೋಡಿಸಿದ ರಾಸಾಯನಿಕ ಘಟಕಗಳ) ಪುಟ್ಟ ಆರ್‌ಎನ್‌ಎ ತುಂಡು. ಅದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಪ್ರೋಟೀನ್ ತಯಾರಿಸುವ ಸಂದೇಶ ಹೊತ್ತು ಜೀನ್‌ನಿಂದ ಹೊರಟ ಮೆಸೆಂಜರ್ ಆರ್‌ಎನ್‌ಎಯ ಬಾಲದ ಕಡೆ ತನಗೆ ಹೊಂದುವ ಅಕ್ಷರಗಳು ಸಿಕ್ಕಿದರೆ ಅಲ್ಲಿ ಅಂಟಿಕೊಳ್ಳುತ್ತದೆ. ಆಮೇಲೆ ಆ ಸಂದೇಶದಿಂದ ಪ್ರೋಟೀನ್ ಕಡಿಮೆ ತಯಾರಾಗುತ್ತದೆ, ಇಲ್ಲವೇ ಸಂದೇಶವೇ ಬೇಗ ಹಾಳಾಗುತ್ತದೆ. ಅಂದರೆ ಇದರ ಕೆಲಸ ತಗ್ಗಿಸುವುದು. ಅದೂ ಪೂರ್ತಿ ಆರಿಸುವ ಸ್ವಿಚ್‌ನಂತಲ್ಲ, ಫ್ಯಾನಿನ ರೆಗ್ಯುಲೇಟರ್ ಇದ್ದ ಹಾಗೆ.

ತಗ್ಗಿಸುವುದರಿಂದ ಸ್ನಾಯು ಬೆಳೆಯುವುದು ಹೇಗೆ? ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದೇ. ಮೊಟ್ಟೆಯೊಳಗಿನ ಭ್ರೂಣದಲ್ಲಿ ಬೆನ್ನಿನ ಎರಡೂ ಕಡೆ ಸೋಮೈಟ್ ಎಂಬ ಗಂಟುಗಳ ಸಾಲು ಮೂಡುತ್ತದೆ. ಮೈಕೈಯ ಸ್ನಾಯುಗಳೆಲ್ಲ ಅಲ್ಲಿಂದಲೇ ಬರುತ್ತವೆ. ಅಲ್ಲಿನ ಕೋಶಗಳಲ್ಲಿ ಪ್ಯಾಕ್ಸ್3 ಎಂಬ ಪ್ರೋಟೀನ್ ಇರುತ್ತದೆ. ಅದು ಇರುವಷ್ಟು ಹೊತ್ತು ಕೋಶ ಸ್ನಾಯು ಆಗಲು ತಯಾರಾಗಿರುತ್ತದೆ, ಆದರೆ ಸ್ನಾಯು ಆಗಿಬಿಡುವುದಿಲ್ಲ. ಮುಂದಕ್ಕೆ ಹೋಗಬೇಕಾದರೆ ಪ್ಯಾಕ್ಸ್3 ಇಳಿಯಬೇಕು. ಇಳಿಸುವ ಕೆಲಸದಲ್ಲಿ ಮಿರ್-1 ಮತ್ತು ಮಿರ್-206 ಎಂಬ ಎರಡು ಮೈಕ್ರೋ ಆರ್‌ಎನ್‌ಎಗಳ ಕೈಯಿದೆ.

ಇದನ್ನು ತೋರಿಸಿಕೊಟ್ಟಿದ್ದು ಕೋಳಿಯೇ. ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಂಡಿ ಕೊರೆದರೆ ಜೀವಂತ ಭ್ರೂಣ ಕಣ್ಣೆದುರೇ ಇರುತ್ತದೆ. ಇಲಿಯಲ್ಲಿ ಈ ಅನುಕೂಲ ಎಲ್ಲಿ? ಬ್ರಿಟನ್ನಿನ ಸಂಶೋಧಕರು ಸೋಮೈಟ್‌ಗಳಲ್ಲಿ ಈ ಎರಡನ್ನು ತಡೆಯುವ ಅಣುಗಳನ್ನು ಸೇರಿಸಿ, ಏನಾಯಿತೆಂದು 2011ರಲ್ಲಿ ವರದಿ ಮಾಡಿದರು. ಪ್ಯಾಕ್ಸ್3 ಇಳಿಯಲಿಲ್ಲ, ಸ್ನಾಯು ಆಗುವುದು ತಡವಾಯಿತು.

ಹಾಗಾದರೆ ಮಿರ್-1 ಹೆಚ್ಚಿಸಿಬಿಡೋಣ ಅನ್ನಬೇಡಿ. ಮಾಂಸ ಬೇಕಾದರೆ ಮೊದಲು ಕೋಶಗಳ ಸಂಖ್ಯೆ ಹೆಚ್ಚಬೇಕು, ಆಮೇಲೆ ಅವು ಒಂದಕ್ಕೊಂದು ಬೆಸೆದು ಸ್ನಾಯು ನಾರು ಆಗಬೇಕು. ಬೇಗ ನಾರು ಮಾಡಿಸಿದರೆ ಕೋಶಗಳು ಅಷ್ಟು ಬೇಗ ವಿಭಜನೆ ನಿಲ್ಲಿಸುತ್ತವೆ. ಕೋಳಿಯಲ್ಲಿ ನಾರುಗಳ ಸಂಖ್ಯೆ 21 ದಿನಗಳ ಕಾವು ಮುಗಿಯುವ ಹೊತ್ತಿಗೆ ಬಹುಪಾಲು ನಿಗದಿಯಾಗಿರುತ್ತದೆ. ಮರಿ ಹೊರಬಂದ ಮೇಲೆ ಇರುವ ನಾರುಗಳೇ ದಪ್ಪವಾಗುತ್ತವೆ. ಪಕ್ಕದಲ್ಲಿರುವ ಸ್ಯಾಟಲೈಟ್ ಎಂಬ ಮೀಸಲು ಕೋಶಗಳು ಬಂದು ಅವಕ್ಕೆ ಬೆಸೆದುಕೊಳ್ಳುತ್ತವೆ. ಅವಸರ ಮಾಡಿದರೆ ನಷ್ಟವೇ.

ಇನ್ನೊಂದು ತೊಡಕಿದೆ. ಮಿರ್-1 ಮತ್ತು ಮಿರ್-133 ಒಂದೇ ಉದ್ದನೆಯ ಆರ್‌ಎನ್‌ಎಯಿಂದ ಕತ್ತರಿಸಿ ಬರುವ ಜೋಡಿ. ಆದರೆ 2006ರಲ್ಲಿ ಇಲಿಯ ಸ್ನಾಯು ಕೋಶಗಳಲ್ಲಿ ನೋಡಿದಾಗ ಮಿರ್-1 "ಸ್ನಾಯು ಆಗು" ಅನ್ನುವ ಕಡೆ, ಮಿರ್-133 "ಇನ್ನೂ ವಿಭಜಿಸು" ಅನ್ನುವ ಕಡೆ ನಿಂತಿದ್ದವು. ಸಾಲದ್ದಕ್ಕೆ ಒಂದೊಂದು ಮೈಕ್ರೋ ಆರ್‌ಎನ್‌ಎಗೂ ನೂರಾರು ಗುರಿಗಳು. ಹೃದಯದಲ್ಲೂ ಮಿರ್-1 ಇದೆ. ಎದೆಯ ಮಾಂಸಕ್ಕೆಂದು ಹೆಚ್ಚಿಸಿದ್ದು ಅಲ್ಲಿ ಏನು ಮಾಡೀತು? ಒಂದನ್ನೇ ಹಿಡಿದು ಎಳೆಯುವ ಯೋಚನೆ ನನಗೆ ಒಪ್ಪಿಗೆಯಿಲ್ಲ.

ಆದರೂ ಪ್ರಶ್ನೆ ಕೇಳುವವರ ಊಹೆ ಪೂರ್ತಿ ತಪ್ಪಲ್ಲ. ಟೆಕ್ಸೆಲ್ ಎಂಬ ಕುರಿ ತಳಿ ಮೈತುಂಬ ಮಾಂಸಕ್ಕೆ ಹೆಸರಾದದ್ದು. ಅದರಲ್ಲಿ ಮಯೋಸ್ಟಾಟಿನ್ ಎಂಬ ಜೀನ್‌ನ ಸಂದೇಶದ ಬಾಲದಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ ಎಂದು 2006ರಲ್ಲಿ ತಿಳಿಯಿತು. ಸ್ನಾಯು ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್ ಅದು. ಬದಲಾದ ಆ ಜಾಗ ಮಿರ್-1 ಮತ್ತು ಮಿರ್-206 ಅಂಟಿಕೊಳ್ಳಲು ಸರಿಹೊಂದಿತು. ಮಯೋಸ್ಟಾಟಿನ್ ತಗ್ಗಿತು, ಸ್ನಾಯು ಹೆಚ್ಚಿತು. ಮೈಕ್ರೋ ಆರ್‌ಎನ್‌ಎ ಮಾತ್ರ ಮೊದಲಿದ್ದಷ್ಟೇ ಇತ್ತು. ಹಾಗಾಗಿ ಕೋಳಿಯಲ್ಲೂ ಮಿರ್-1ರ ಪ್ರಮಾಣ ಹೆಚ್ಚಿಸುವುದಕ್ಕಿಂತ ಇಂಥ ಒಂದಕ್ಷರದ ವ್ಯತ್ಯಾಸಗಳನ್ನು ಹುಡುಕಿ, ಅವಿರುವ ಹಕ್ಕಿಗಳನ್ನು ತಳಿಗೆ ಆರಿಸುವುದೇ ಸರಿಯಾದ ದಾರಿ ಎಂದು ನನ್ನ ಲೆಕ್ಕ.